ಬಿಸಿಲು, ಗಾಳಿ, ನೀರಿನಿಂದಲೇ ಇಡೀ ರಾಜ್ಯಕ್ಕೆ ಕರೆಂಟು ಸಾಧ್ಯವೇ? ಸಂಘದ ಲೆಕ್ಕದಲ್ಲಿ ನೋಡೋಣ



ನಾವು ಸಂಘಗಳ ಸಭೆಗೆ ಬಂದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. "ಇಷ್ಟೊಂದು ಬಿಸಿಲಿದೆ, ಗಾಳಿ ಇದೆ. ಹಾಗಿದ್ದರೂ ಕಲ್ಲಿದ್ದಲು ಸುಟ್ಟು ಕರೆಂಟು ಯಾಕೆ ಮಾಡಬೇಕು? ಎಲ್ಲಾ ಸೋಲಾರ್ ಮಾಡಿಬಿಟ್ಟರೆ ಆಗೋದಿಲ್ವಾ?" ಒಳ್ಳೆಯ ಪ್ರಶ್ನೆ. ಭಾಷಣ ಮಾಡುವವರು ಇದಕ್ಕೆ 'ಆಗುತ್ತೆ' ಅಂತಲೋ 'ಆಗಲ್ಲ' ಅಂತಲೋ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತಾರೆ. ನಾವು ಹಾಗೆ ಮಾಡುವುದು ಬೇಡ. ಸದಸ್ಯೆಯೊಬ್ಬರು ಸಾಲಕ್ಕೆ ಅರ್ಜಿ ಕೊಟ್ಟಾಗ ನಾವು ಏನು ಕೇಳ್ತೀವಿ? ಆದಾಯ ಎಷ್ಟು, ಅದು ಯಾವ ತಿಂಗಳಲ್ಲಿ ಬರುತ್ತೆ, ಖರ್ಚು ಯಾವಾಗ ಬೀಳುತ್ತೆ, ಆಪತ್ಕಾಲಕ್ಕೆ ಉಳಿತಾಯ ಇದೆಯಾ. ಅದೇ ಪ್ರಶ್ನೆಗಳನ್ನು ರಾಜ್ಯದ ಕರೆಂಟಿಗೂ ಕೇಳೋಣ.

ಮೆಗಾವಾಟ್ ಬೇರೆ, ಯೂನಿಟ್ ಬೇರೆ

ಪೇಪರಿನಲ್ಲಿ ಇಷ್ಟು ಮೆಗಾವಾಟ್ ಸ್ಥಾವರ ಅಂತ ಓದುತ್ತೇವೆ. ಮನೆಯ ಬಿಲ್ಲಿನಲ್ಲಿ ಯೂನಿಟ್ ಅಂತ ಇರುತ್ತದೆ. ಹಸು ಮಾರುವವನು 'ಇದು ಹತ್ತು ಲೀಟರ್ ಹಸು' ಅಂತ ಹೇಳುತ್ತಾನೆ. ಡೇರಿ ಪುಸ್ತಕದಲ್ಲಿ ಬರೆಯುವುದು ಮಾತ್ರ ನಿಜವಾಗಿ ಕರೆದ ಹಾಲನ್ನು. ಮೆಗಾವಾಟ್ ಅನ್ನುವುದು ಮಾರುವವನ ಮಾತು, ಯೂನಿಟ್ ಅನ್ನುವುದು ಡೇರಿ ಪುಸ್ತಕ.

ಒಂದು ಕಿಲೋವಾಟ್ ಸೋಲಾರ್ ಪ್ಯಾನೆಲ್ ನಮ್ಮ ಕಡೆಯ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಯಂತ್ರ ಹಗಲು ರಾತ್ರಿ ಪೂರ್ತಿ ಓಡಿದರೆ 24 ಯೂನಿಟ್. ಹೀಗಾಗಿ 'ಸಾವಿರ ಮೆಗಾವಾಟ್ ಸೋಲಾರ್ ಬಂತು, ಸಾವಿರ ಮೆಗಾವಾಟ್ ಕಲ್ಲಿದ್ದಲು ಮುಚ್ಚಬಹುದು' ಅಂತ ಯಾರಾದರೂ ಹೇಳಿದರೆ ಲೆಕ್ಕ ತಪ್ಪು.

ನಮ್ಮ ಹತ್ತಿರ ಈಗ ಏನಿದೆ?

ಕರ್ನಾಟಕ ಈ ವಿಷಯದಲ್ಲಿ ಹೊಸಬರಲ್ಲ. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟು ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ನಮ್ಮದು. ಆಮೇಲೆ ಜೋಗ, ಶರಾವತಿ, ಕಾಳಿ, ವಾರಾಹಿ ಬಂದವು. ಶರಾವತಿ ಕೇಂದ್ರವೊಂದೇ 1,035 ಮೆಗಾವಾಟ್. ಬಹಳ ವರ್ಷ ನಮ್ಮ ಮನೆಗಳ ದೀಪ ಉರಿದಿದ್ದು ಹೆಚ್ಚಾಗಿ ನೀರಿನಿಂದಲೇ. ಬೇಡಿಕೆ ಬೆಳೆದ ಮೇಲೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ, ಯರಮರಸ್ ಸ್ಥಾವರಗಳು ಬಂದವು. ಕಲ್ಲಿದ್ದಲು ಮಾತ್ರ ನಮ್ಮಲ್ಲಿ ಒಂದು ಬುಟ್ಟಿಯೂ ಸಿಗುವುದಿಲ್ಲ. ತೆಲಂಗಾಣ, ಒಡಿಶಾ ಮುಂತಾದ ಕಡೆಯಿಂದ ರೈಲಿನಲ್ಲಿ ಬರಬೇಕು. ಸಂಘದ ಭಾಷೆಯಲ್ಲಿ ಹೇಳುವುದಾದರೆ ದುಡ್ಡು ಹೊರಗೆ ಹೋಗುತ್ತೆ, ಬೂದಿ ಇಲ್ಲಿ ಉಳಿಯುತ್ತೆ.

ಇನ್ನು ಗಾಳಿ ಮತ್ತು ಬಿಸಿಲು. ಚಿತ್ರದುರ್ಗ, ಗದಗ ಕಡೆ ಬಸ್ಸಿನಲ್ಲಿ ಹೋದವರು ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. 2025ರ ಹೊತ್ತಿಗೆ ರಾಜ್ಯದಲ್ಲಿ ಗಾಳಿಯಿಂದ ಸುಮಾರು 7 ಸಾವಿರ, ಬಿಸಿಲಿನಿಂದ 9 ಸಾವಿರ ಮೆಗಾವಾಟ್ ಮೀರಿದ ಸಾಮರ್ಥ್ಯ ಇತ್ತು. 2018ರಲ್ಲಿ ಇಡೀ ದೇಶದಲ್ಲಿ ನಾವೇ ಮುಂದಿದ್ದೆವು. ನಂತರ ರಾಜಸ್ಥಾನ, ಗುಜರಾತ್ ನಮ್ಮನ್ನು ದಾಟಿಹೋದವು. ಬೆಲೆಯೂ ಇಳಿಯಿತು. 2010ರಲ್ಲಿ ಸೋಲಾರ್ ಕರೆಂಟು ಯೂನಿಟ್ಟಿಗೆ 12 ರೂಪಾಯಿ ಆಸುಪಾಸು ಇತ್ತು, ಈಗ ದೊಡ್ಡ ಪಾರ್ಕುಗಳಲ್ಲಿ 3 ರೂಪಾಯಿ ಆಸುಪಾಸು.

ಜಾಗ ಸಾಲುತ್ತದೆಯೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ರಾಜ್ಯಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 9 ಸಾವಿರ ಕೋಟಿ ಯೂನಿಟ್. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಸುಮಾರು 13 ಸಾವಿರ ಎಕರೆ. ಒಂದು ಮೆಗಾವಾಟ್ ವರ್ಷಕ್ಕೆ 15 ಲಕ್ಷ ಯೂನಿಟ್ ಅಂತ ಹಿಡಿದರೆ, ಎಲ್ಲವನ್ನೂ ಬಿಸಿಲಿನಿಂದಲೇ ಮಾಡಲು ಪಾವಗಡದಂಥ 30 ಪಾರ್ಕುಗಳು ಬೇಕು. ಅಂದರೆ ಸುಮಾರು 4 ಲಕ್ಷ ಎಕರೆ. ಕೇಳಿದರೆ ತಲೆ ತಿರುಗುತ್ತೆ. ಆದರೆ ಕರ್ನಾಟಕದ ಒಟ್ಟು ನೆಲ 4 ಕೋಟಿ 70 ಲಕ್ಷ ಎಕರೆಗೂ ಮೇಲೆ. ನೂರು ಎಕರೆಯಲ್ಲಿ ಒಂದು ಎಕರೆಯೂ ಆಗಲಿಲ್ಲ. ಗಾಳಿ, ನೀರು ಜೊತೆಗಿರುವಾಗ ಅಷ್ಟೂ ಬೇಕಾಗುವುದಿಲ್ಲ. (ಇದರಲ್ಲಿ ಗ್ಯಾಸ್ ಒಲೆ, ಡೀಸೆಲ್ ಬಸ್ಸು ಸೇರಿಲ್ಲ. ಅವೂ ಕರೆಂಟಿಗೆ ಬಂದರೆ ಲೆಕ್ಕ ಏರುತ್ತದೆ.)

ಹಾಗಾದರೆ ಜಾಗದ ಮಟ್ಟಿಗೆ ಉತ್ತರ: ಸಾಧ್ಯ. ತೊಡಕು ಬರುವುದು ಬೇರೆ ಕಡೆ.

ಆದಾಯ ಹಗಲು, ಖರ್ಚು ರಾತ್ರಿ

ರೇಷ್ಮೆ ಗೂಡು ಮಾರಿದ ವಾರ ಕೈಯಲ್ಲಿ ದುಡ್ಡು, ಮಕ್ಕಳ ಫೀಸು ಕಟ್ಟುವ ವಾರ ಕೈ ಖಾಲಿ. ವರ್ಷದ ಒಟ್ಟು ಲೆಕ್ಕದಲ್ಲಿ ಸರಿಯಾಗಿದ್ದರೂ ಆ ವಾರ ಕಷ್ಟವೇ. ಕರೆಂಟಿನ ಕಥೆಯೂ ಹಾಗೇ. ಬಿಸಿಲು ಬೆಳಿಗ್ಗೆಯಿಂದ ಸಂಜೆವರೆಗೆ. ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಣೆಕಟ್ಟು ತುಂಬುವುದೂ ಅದೇ ಮಳೆಗಾಲದಲ್ಲಿ. ನಮಗೆ ಕರೆಂಟು ಅತಿ ಹೆಚ್ಚು ಬೇಕಾಗುವುದು ಮಾತ್ರ ಫೆಬ್ರವರಿ ಮಾರ್ಚ್ ಏಪ್ರಿಲ್‌ನಲ್ಲಿ, ಪಂಪ್‌ಸೆಟ್ಟೂ ಫ್ಯಾನೂ ಒಟ್ಟಿಗೆ ಓಡುವಾಗ. 2025ರ ಮಾರ್ಚ್‌ನಲ್ಲಿ ಒಂದೇ ಹೊತ್ತಿನ ಬೇಡಿಕೆ 18 ಸಾವಿರ ಮೆಗಾವಾಟ್ ಮುಟ್ಟಿತ್ತು. ಸಂಜೆ ಏಳಕ್ಕೆ ದೀಪ, ಟಿವಿ, ಮಿಕ್ಸಿ ಎಲ್ಲಾ ಶುರುವಾದಾಗ ಸೋಲಾರ್ ಮಲಗಿರುತ್ತದೆ.

2023ರ ಬರ ನೆನಪಿದೆಯಲ್ಲ? ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ. ಬೆಳೆ ಉಳಿಸಿಕೊಳ್ಳಲು ರೈತರು ಮಳೆಗಾಲದಲ್ಲೇ ಪಂಪು ಓಡಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ಟಿಗೆ ಐದು ತಾಸು ತ್ರೀ ಫೇಸ್ ಸಿಕ್ಕರೆ ಹೆಚ್ಚು ಅನ್ನುವಂತಾಯಿತು. ಅಂಥ ವರ್ಷವನ್ನು ದಾಟಿಸುವ ಯೋಜನೆ ಇಲ್ಲದೆ ಕಲ್ಲಿದ್ದಲು ಬಿಡ್ತೀವಿ ಅನ್ನುವುದು, ಆಪತ್ತಿನ ನಿಧಿ ಇಲ್ಲದೆ ಸಾಲ ಹಂಚಿದ ಹಾಗೆ.

ಉಳಿತಾಯದ ಪೆಟ್ಟಿಗೆ ಎರಡು ರೀತಿ ಮಾಡಬಹುದು. ಒಂದು ಬ್ಯಾಟರಿ. ಬೆಲೆ ಹತ್ತು ವರ್ಷದಲ್ಲಿ ಬಹಳ ಇಳಿದಿದೆ, ಸಂಜೆಯ ಮೂರ್ನಾಲ್ಕು ತಾಸಿಗೆ ಒಳ್ಳೆಯ ದಾರಿ. ಬರಗಾಲದ ಮೂರು ತಿಂಗಳಿಗೆ ಅದು ಸಾಲದು. ಇನ್ನೊಂದು, ಹಗಲಿನ ಸೋಲಾರ್ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ರಾತ್ರಿ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಹಿಡಿಯುವ ಕರೆಂಟು ಪೂರ್ತಿ ವಾಪಸು ಬರುವುದಿಲ್ಲ, ಸ್ವಲ್ಪ ಬಡ್ಡಿ ಕಟ್ಟಿದ ಹಾಗೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಇಂಥದ್ದೇ 2,000 ಮೆಗಾವಾಟ್ ಯೋಜನೆಯ ಪ್ರಸ್ತಾಪವಿದೆ. ಅದು ಸಿಂಗಳೀಕಗಳಿರುವ ಕಾಡು. ಅಲ್ಲಿನ ಜನ ವಿರೋಧಿಸಿದ್ದಾರೆ. 1960ರ ದಶಕದಲ್ಲಿ ಲಿಂಗನಮಕ್ಕಿಗೆ ಊರು ಬಿಟ್ಟ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಅರವತ್ತು ವರ್ಷ ಕಳೆದರೂ ನೆಲದ ಹಕ್ಕುಪತ್ರ ಸಿಗಲಿಲ್ಲ. ಅವರ ಸಿಟ್ಟಿಗೆ ಅರ್ಥವಿಲ್ಲ ಅಂತ ನಮಗೆ ಹೇಳಲಾಗುವುದಿಲ್ಲ.

ಯಾರ ಪಾಲಿಗೆ ಏನು?

ಪಾವಗಡದಲ್ಲಿ ಒಂದು ಕೆಲಸ ಒಳ್ಳೆಯದಾಗಿ ನಡೆಯಿತು. ಐದು ಊರುಗಳ ರೈತರಿಂದ ಜಮೀನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ 28 ವರ್ಷಕ್ಕೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರಿಕೆ. ಪದೇ ಪದೇ ಬರ ಬೀಳುವ, ಶೇಂಗಾ ಕೈಗೆ ಹತ್ತದ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ.

ಆದರೆ ನೋಡಿ, ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿಯಲ್ಲಿ ಎಷ್ಟು ಹೆಂಗಸರ ಹೆಸರಿದೆ? ಜಮೀನೇ ಇಲ್ಲದೆ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಇಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಬಂತು. ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲಿನ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಇನ್ನೂ 10 ಪಾರ್ಕು ಬರುವುದಾದರೆ ಅದು ಯಾವುದೋ ಊರಿನ ನಮ್ಮಂಥ ಸಂಘದ ಹೊಲಗಳಿಗೇ ಬರಬೇಕು. ಗುತ್ತಿಗೆ ಪತ್ರದ ಜೊತೆಗೇ ಭೂಮಿ ಇಲ್ಲದವರಿಗೆ ಏನು ಅಂತ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಬೇಕು. ಆಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇದಕ್ಕೆ ಹೋಲಿಸಿದರೆ ಪಂಪ್‌ಸೆಟ್ ದಾರಿ ನಮಗೆ ಹೆಚ್ಚು ಹಿಡಿಸುತ್ತದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಮೇಲ್ಪಟ್ಟು ಪಂಪ್‌ಸೆಟ್ಟುಗಳಿವೆ, ಕರೆಂಟಿನ ಸುಮಾರು ಮೂರನೇ ಒಂದು ಪಾಲು ಅವಕ್ಕೇ ಹೋಗುತ್ತದೆ. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ, ಆ ಲೈನಿನ ಪಂಪುಗಳಿಗೆ ಹಗಲಲ್ಲೇ ಕರೆಂಟು ಕೊಡಬಹುದು. ಬಿಸಿಲಿರುವಾಗಲೇ ಖರ್ಚು, ಬ್ಯಾಟರಿಯ ಗೋಜಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ನೀರು ಕಟ್ಟಲು ಹೋದ ಗಂಡನೋ ಮಗನೋ ಬರುವವರೆಗೆ ಹಾವು, ಆನೆ ಅಂತ ಎದ್ದು ಕೂತವರಿಗೆ ಇದರ ಬೆಲೆ ಗೊತ್ತು.

ನಮ್ಮ ಅಂದಾಜು ಹೀಗಿದೆ. ಹಗಲಿನ ಕರೆಂಟನ್ನು ಹೆಚ್ಚುಕಮ್ಮಿ ಪೂರ್ತಿ ಬಿಸಿಲು ಗಾಳಿಗೆ ತರುವುದು ಹತ್ತು ವರ್ಷದೊಳಗಿನ ಮಾತು. ರಾತ್ರಿಗೆ ಇನ್ನಷ್ಟು ಕಾಲ ಮತ್ತು ಬ್ಯಾಟರಿ ಬೇಕು. ಬರದ ಏಪ್ರಿಲ್ ತಿಂಗಳಿಗಾಗಿ ಹಳೆಯ ಕಲ್ಲಿದ್ದಲು ಯಂತ್ರಗಳಲ್ಲಿ ಕೆಲವನ್ನಾದರೂ ಇನ್ನೂ ಬಹಳ ವರ್ಷ ಇಟ್ಟುಕೊಂಡಿರಬೇಕಾದೀತು.

ಮನೆ ಮೇಲೆ ಸೋಲಾರ್ ಹಾಕಿಸಲು ಸಾಲ ಕೇಳಬಹುದೇ?

2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟರೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತುಪಡಿಸಿದ್ದಾರೆ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಯವರು ಇದಕ್ಕಾಗಿ ಸಾಲ ಮಾಡುವ ಅವಸರವಿಲ್ಲ. ಹೊಲಿಗೆ ಯಂತ್ರ, ರೊಟ್ಟಿ ಯಂತ್ರ, ಹಿಟ್ಟಿನ ಗಿರಣಿ ಇಟ್ಟುಕೊಂಡು ದುಡಿಯುವವರ ಮಾತು ಬೇರೆ. ಅಂಥ ಅರ್ಜಿ ಬಂದರೆ ಸಂಘ ಗಮನ ಕೊಟ್ಟು ನೋಡಬೇಕು.

ಮುಂದಿನ ಸಭೆಗೆ ಎಲ್ಲರೂ ಕಳೆದ ಮೂರು ತಿಂಗಳ ಕರೆಂಟು ಬಿಲ್ಲು ತನ್ನಿ. ಸೊನ್ನೆ ಬಿಲ್ಲಾದರೂ ತನ್ನಿ, ಅದರಲ್ಲೂ ಯೂನಿಟ್ ಬರೆದಿರುತ್ತದೆ. ಯಾರ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ, ಅದಕ್ಕೆ ಎಷ್ಟು ಪ್ಯಾನೆಲ್ ಬೇಕಾದೀತು ಅಂತ ಕೂತು ಲೆಕ್ಕ ಹಾಕೋಣ. ಹೊಲ ಇರುವವರು ಪಹಣಿಯನ್ನೂ ಜೊತೆಗೆ ತನ್ನಿ, ಯಾರ ಹೆಸರಿದೆ ಅಂತ ಒಮ್ಮೆ ಓದಿಕೊಂಡು.