ಐನೂರು ರೂಪಾಯಿ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಮೋಟೆಬೆನ್ನೂರು ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿರುವ ಊರು. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರು 1911ರಲ್ಲಿ ಜನಿಸಿದ್ದು ಈ ಊರಿನಲ್ಲಿಯೇ. ಹೊರಗಿನವರಿಗೆ ಈ ಸೀಮೆಯ ಇನ್ನೊಂದು ಗುರುತು ಬ್ಯಾಡಗಿ ಮೆಣಸಿನಕಾಯಿ. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಮೈ, ಕಡಿಮೆ ಖಾರ ಇವುಗಳಿಂದ ಹೆಸರಾದ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿಯ ಬೇಸಾಯ ಬಹುಮಟ್ಟಿಗೆ ಮಳೆಯನ್ನು ನಂಬಿದ್ದು. ಆದುದರಿಂದ ಇಲ್ಲಿಯ ಮಕ್ಕಳು ಮನೆಯಲ್ಲಿ ಮಳೆಯ ಮಾತನ್ನು ಕೇಳಿಕೊಂಡೇ ಬೆಳೆಯುತ್ತಾರೆ. ಆದರೂ ‘ನಿನ್ನೆ 25 ಮಿಲಿಮೀಟರ್ ಮಳೆಯಾಯಿತು’ ಎಂದು ಪತ್ರಿಕೆಯಲ್ಲಿ ಓದಿದಾಗ, ನೀರನ್ನು ಲೀಟರಿನಲ್ಲಿ ಅಳೆಯುವವರು ಮಳೆಯನ್ನು ಮಾತ್ರ ಅಳತೆಪಟ್ಟಿಯ ಲೆಕ್ಕದಲ್ಲಿ ಏಕೆ ಹೇಳುತ್ತಾರೆ ಎಂಬ ಸಂದೇಹ ಯಾವ ಮಗುವಿಗಾದರೂ ಬರಬಹುದು. ಗುರುಗಳು ಅದಕ್ಕೆ ಪುಸ್ತಕದ ಒಂದು ವಾಕ್ಯದಲ್ಲಿ ಉತ್ತರ ಹೇಳಬಹುದು. ಇಲ್ಲವೇ ಮಕ್ಕಳ ಕೈಯಿಂದಲೇ ಮಳೆಮಾಪಕವೊಂದನ್ನು ಮಾಡಿಸಬಹುದು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದಕ್ಕೆ ಅಲ್ಪಸ್ವಲ್ಪ ಹಣ ಬೇಕು. ಆ ಅಲ್ಪ ಹಣ ಯಾರ ಕೈಯಿಂದ, ಯಾವ ಷರತ್ತಿನ ಮೇಲೆ ಬರಬೇಕು ಎಂಬುದು ತೋರಿಕೆಗೆ ಚಿಕ್ಕದಾದರೂ ಶಾಲೆಯ ಜೀವಕ್ಕೆ ಸಂಬಂಧಿಸಿದ ಪ್ರಶ್ನೆ.

ಕಟ್ಟಡ, ವೇತನ, ಪಠ್ಯಪುಸ್ತಕ ಇವುಗಳ ಹೊಣೆಯನ್ನು ಸರ್ಕಾರ ಹೊತ್ತಿದೆ. ಆದರೆ ದಾರ, ಅಂಟು, ಬಣ್ಣದ ಕಾಗದ, ಭೂತಗನ್ನಡಿ, ಗೊಂಬೆಯಾಟಕ್ಕೆ ಬೇಕಾದ ಬಟ್ಟೆಯ ತುಂಡು ಮುಂತಾದವು ಯಾವ ಪಟ್ಟಿಯಲ್ಲಿಯೂ ಹಿಡಿಸುವುದಿಲ್ಲ. ಉತ್ಸಾಹವುಳ್ಳ ಶಿಕ್ಷಕರು ಇವನ್ನು ಬಹುಕಾಲದಿಂದ ತಮ್ಮ ಕಿಸೆಯಿಂದಲೇ ಕೊಳ್ಳುತ್ತ ಬಂದಿದ್ದಾರೆ. ಇದು ಬಡ ನಾಡಿನ ಕಥೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಶಿಕ್ಷಕರು ತರಗತಿಗಾಗಿ ಮಾಡಿದ ಸ್ವಂತ ಖರ್ಚಿನಲ್ಲಿ 250 ಡಾಲರುಗಳವರೆಗೆ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಲು 2002ರಿಂದ ಕಾನೂನೇ ಅವಕಾಶ ಕೊಟ್ಟಿತು. ಗುರುಗಳ ಕಿಸೆ ಶಾಲೆಯ ಎರಡನೆಯ ಖಜಾನೆಯೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಶಿಕ್ಷಕರಾಗಿದ್ದ ಚಾರ್ಲ್ಸ್ ಬೆಸ್ಟ್ ಎಂಬವರು 2000ದಲ್ಲಿ ‘ಡೋನರ್ಸ್‌ಚೂಸ್’ ಎಂಬ ಸಂಸ್ಥೆಯನ್ನು ಆರಂಭಿಸಿದ್ದು ಇದೇ ಕೊರತೆಯನ್ನು ಕಂಡು. ಶಿಕ್ಷಕರು ತಮಗೆ ಬೇಕಾದುದನ್ನು ಬರೆದು ತಿಳಿಸುವುದು, ಮನಸ್ಸಿದ್ದವರು ಕೈಲಾದಷ್ಟು ಕೊಡುವುದು ಅದರ ಕ್ರಮ.

ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. 1854ರ ವುಡ್ ಸಾಹೇಬರ ಶಿಕ್ಷಣ ನಿರೂಪದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆಗ ಧಾರವಾಡ ಜಿಲ್ಲೆ, ಅಂದರೆ ಇಂದಿನ ಹಾವೇರಿ ಜಿಲ್ಲೆಯೂ ಸೇರಿದ್ದ ಪ್ರದೇಶ, ಮುಂಬಯಿ ಪ್ರಾಂತ್ಯಕ್ಕೆ ಒಳಪಟ್ಟಿತ್ತು. ಆ ಪ್ರಾಂತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನುದಾನಿತ ಶಾಲೆಗಳಿಗೆ ‘ಫಲಿತಾಂಶಕ್ಕೆ ತಕ್ಕ ಅನುದಾನ’ ಎಂಬ ಕ್ರಮ ಜಾರಿಗೆ ಬಂತು. ತನಿಖಾಧಿಕಾರಿ ಬಂದು ಮಕ್ಕಳನ್ನು ಪರೀಕ್ಷಿಸುವನು. ತೇರ್ಗಡೆಯಾದವರ ಲೆಕ್ಕದಂತೆ ಶಾಲೆಗೆ ಹಣ ಸಲ್ಲುವುದು. ಇಂಗ್ಲೆಂಡಿನಲ್ಲಿ 1862ರಿಂದ ನಡೆದ ಇಂಥದೇ ಕ್ರಮವನ್ನು, ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಕಟುವಾಗಿ ಟೀಕಿಸಿದ್ದರು. ಹಣ ಪರೀಕ್ಷೆಯ ಬೆನ್ನಿಗೆ ಬಂದಾಗ ಗುರುವು ಪರೀಕ್ಷೆಯಲ್ಲಿ ಕೇಳುವುದನ್ನಷ್ಟೇ ಉರುಹೊಡೆಸುತ್ತಾನೆ. ಮಳೆಯ ಬಗೆಗೆ ಸಂದೇಹ ಕೇಳುವ ಹುಡುಗ ಅವನಿಗೆ ಅಡ್ಡಿಯಾಗಿ ತೋರುತ್ತಾನೆ. ಆ ಕ್ರಮದಲ್ಲಿ ಹಣಕ್ಕೆ ಕೊರತೆಯಿತ್ತೆಂಬುದಕ್ಕಿಂತ ನಂಬಿಕೆಗೆ ಕೊರತೆಯಿತ್ತೆನ್ನುವುದೇ ಸರಿ.

ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಪ್ರಯೋಗವೊಂದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಡೆಯಿತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು 1994ರಲ್ಲಿ ದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಎರಡನೆಯ ಹಂತದಲ್ಲಿ ಧಾರವಾಡ ಜಿಲ್ಲೆಯೂ ಸೇರಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಈ ಕಾರ್ಯಕ್ರಮದಲ್ಲಿ ಶಾಲೆಯೊಂದಕ್ಕೆ ವರ್ಷಕ್ಕೆ 2,000 ರೂಪಾಯಿ, ಅದಲ್ಲದೆ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 500 ರೂಪಾಯಿ ಕೊಡುವ ಏರ್ಪಾಡಿತ್ತು. ಮುಂದೆ ಬಂದ ಸರ್ವ ಶಿಕ್ಷಾ ಅಭಿಯಾನವೂ ಇದನ್ನು ಮುಂದುವರಿಸಿತು. ಶಾಲೆಗೆ ಕೊಟ್ಟ ಹಣಕ್ಕಿಂತ ಶಿಕ್ಷಕರಿಗೆ ಕೊಟ್ಟ ಈ ಐನೂರು ರೂಪಾಯಿಯೇ ಹೆಚ್ಚು ಗಮನಾರ್ಹವಾದುದು. ಇದನ್ನು ಸಂಬಳದ ಜೊತೆಗೆ ಮನೆಗೆ ಒಯ್ಯುವಂತಿರಲಿಲ್ಲ. ಕಲಿಕೆಯ ಸಾಮಗ್ರಿಯನ್ನು ಕೊಳ್ಳಲೋ ತಯಾರಿಸಲೋ ಬಳಸಬೇಕಾಗಿತ್ತು. ಯಾವ ಸಾಮಗ್ರಿ ಎಂಬುದನ್ನು ಮಾತ್ರ ಮಕ್ಕಳನ್ನು ದಿನವೂ ಕಾಣುವ ಶಿಕ್ಷಕರೇ ನಿರ್ಧರಿಸಬೇಕೆಂಬುದು ಯೋಜನೆಯ ಆಶಯ. ಪರೀಕ್ಷೆಗೆ ಮೊದಲೇ, ಫಲಿತಾಂಶವನ್ನು ಕೇಳದೆ, ಗುರುವಿನ ವಿವೇಕವನ್ನು ನಂಬಿ ಕೊಟ್ಟ ಹಣ ಅದು.

ಐನೂರು ರೂಪಾಯಿಯಿಂದ ಏನಾದೀತು ಎಂದು ಕೇಳುವವರು ಉಂಟು. ಮಳೆಮಾಪಕದ ಉದಾಹರಣೆಯನ್ನೇ ನೋಡಬಹುದು. ಮೋಟೆಬೆನ್ನೂರಿನಂಥ ಊರಿನ ಏಳನೆಯ ತರಗತಿಯ ಶಿಕ್ಷಕಿಯೊಬ್ಬರು ಇದನ್ನು ಕೈಗೊಂಡರೆಂದು ಭಾವಿಸೋಣ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಪಾರದರ್ಶಕ ಬಾಟಲಿಯ ಕತ್ತನ್ನು ಕತ್ತರಿಸಿ, ಆ ತುಂಡನ್ನು ಬೋರಲಾಗಿ ಬಾಯಿಯೊಳಗೆ ಕೂರಿಸಿದರೆ ಆಲಿಕೆ ಸಿದ್ಧವಾಯಿತು. ತಳ ಉಬ್ಬುತಗ್ಗಾಗಿರುವುದರಿಂದ ಅದರಲ್ಲಿ ಹರಳುಗಳನ್ನು ತುಂಬಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲೆ ಮಿಲಿಮೀಟರ್ ಗುರುತಿನ ಪಟ್ಟಿ. ಮರದ ನೆರಳಾಗಲಿ ಮಾಡಿನ ಹನಿಯಾಗಲಿ ತಾಗದ ಬಯಲಿನಲ್ಲಿ ಅದನ್ನು ನೆಲೆಗೊಳಿಸಿ, ಹವಾಮಾನ ಇಲಾಖೆಯವರಂತೆಯೇ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಡಬೇಕು. ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ಇಳಿಸಬೇಕು. ಕೊಳ್ಳಬೇಕಾದುದು ಅಳತೆಪಟ್ಟಿ, ಕತ್ತರಿ, ಅಂಟುಪಟ್ಟಿ, ಗಟ್ಟಿ ರಟ್ಟಿನ ದಾಖಲೆ ಪುಸ್ತಕ, ನಕ್ಷೆ ಬರೆಯುವ ಚೌಕುಳಿ ಕಾಗದ ಇಷ್ಟೇ.

ನಿಜವಾದ ಪಾಠ ಆರಂಭವಾಗುವುದು ಇಲ್ಲಿಂದ ಮುಂದೆ. ಬಾಟಲಿ ದೊಡ್ಡದಾದರೆ ಮಳೆಯೂ ಹೆಚ್ಚಾಗುವುದೇ ಎಂದು ಯಾರಾದರೊಬ್ಬರು ಕೇಳದೆ ಇರುವುದಿಲ್ಲ. ಸಣ್ಣದೊಂದು, ದೊಡ್ಡದೊಂದು ಬಾಟಲಿಯನ್ನು ಅಕ್ಕಪಕ್ಕದಲ್ಲಿ ಇಟ್ಟರೆ ನೀರಿನ ಪ್ರಮಾಣ ಬೇರೆಯಾದರೂ ಎತ್ತರ ಒಂದೇ ಎಂಬುದು ಕಣ್ಣಿಗೆ ಕಾಣುತ್ತದೆ. ಮಳೆಯನ್ನು ಉದ್ದದ ಅಳತೆಯಲ್ಲಿ ಹೇಳುವ ಗುಟ್ಟು ಇದೇ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ ನಿಂತ ನೀರು ಸರಿಯಾಗಿ ಒಂದು ಲೀಟರ್. ಎಕರೆಯೊಂದಕ್ಕೆ ಸುಮಾರು 4,047 ಚದರ ಮೀಟರ್. ಹಾಗಾದರೆ 25 ಮಿಲಿಮೀಟರ್ ಮಳೆ ಬಿದ್ದ ದಿನ ಒಂದೆಕರೆ ಮೆಣಸಿನ ಹೊಲಕ್ಕೆ ಇಳಿದ ನೀರು 1,01,175 ಲೀಟರ್! ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಷ್ಟು ನೀರನ್ನು ತರಿಸಬೇಕಾದರೆ ಹತ್ತು ಸಾಲದೆ ಹೋಗುತ್ತವೆ. ಈ ಲೆಕ್ಕವನ್ನು ತಾನೇ ಮಾಡಿದ ಹುಡುಗಿ ಸಂಜೆ ಅದನ್ನು ತಂದೆಗೆ ಹೇಳದೆ ಇರಲಾರಳು. ಗಣಿತ, ವಿಜ್ಞಾನ, ಬೇಸಾಯ ಎಂಬ ಬೇಲಿಗಳು ಅಲ್ಲಿ ಉಳಿಯುವುದಿಲ್ಲ.

ಕೆಲವು ಪ್ರಯೋಗಗಳಿಗೆ ಹಣವೇ ಬೇಡ ಎಂಬುದೂ ನಿಜ. ನೆಲದಲ್ಲಿ ನೆಟ್ಟಗೆ ಊರಿದ ಕೋಲಿನ ನೆರಳನ್ನು ಅಳೆದು ಸೂರ್ಯನ ಚಲನೆಯನ್ನು ತಿಳಿಯಬಹುದು. ಸುಮಾರು 14.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ಸುಮಾರಿಗೂ ಆಗಸ್ಟ್ ಎರಡನೆಯ ವಾರದಲ್ಲಿಯೂ, ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಆ ನೆರಳು ಕೋಲಿನ ಬುಡದಲ್ಲಿಯೇ ಅಡಗಿಹೋಗುತ್ತದೆ. (ಮೊದಲನೆಯದು ಬೇಸಿಗೆ ರಜೆಯಲ್ಲಿ, ಎರಡನೆಯದು ಮಳೆಮೋಡದ ನಡುವೆ ಬರುವಂತೆ ಮಾಡಿದ ಪ್ರಕೃತಿಗೆ ಶಾಲೆಯ ವೇಳಾಪಟ್ಟಿಯ ಮೇಲೆ ಅಷ್ಟೇನೂ ಆದರವಿದ್ದಂತಿಲ್ಲ.) ಆದರೆ ಕೋಲು ಪುಕ್ಕಟೆಯಾಗಿ ಸಿಗುವುದೆಂದ ಮಾತ್ರಕ್ಕೆ ಎಲ್ಲವೂ ಪುಕ್ಕಟೆಯಾಗಿ ಆಗಲೆಂದು ಬಯಸುವುದು ನ್ಯಾಯವಲ್ಲ. ತ್ಯಾಗವನ್ನು ಹೊಗಳುತ್ತ ಶಿಕ್ಷಕರ ಕಿಸೆಗೆ ಕೈಹಾಕುವ ಸಮಾಜ ತನ್ನ ಹೊಣೆಯನ್ನು ಮರೆಸಿಕೊಳ್ಳುತ್ತದೆ.

ಒಳ್ಳೆಯ ಏರ್ಪಾಡೂ ಕೆಡುವುದುಂಟು. ಶಾಲಾನುದಾನಗಳ ಜಾಡು ಹಿಡಿಯಲು 2009ರಿಂದ ದೇಶದ ಹಲವೆಡೆ ನಡೆದ ‘ಪೈಸಾ’ ಸಮೀಕ್ಷೆಗಳು, ಹಣ ಎಷ್ಟೋ ಕಡೆ ವರ್ಷದ ಬಹುಭಾಗ ಕಳೆದ ಮೇಲೆ ಶಾಲೆಗೆ ತಲಪುತ್ತದೆಂಬುದನ್ನು ಎತ್ತಿ ತೋರಿಸಿದವು. ಜೂನ್ ತಿಂಗಳ ಮಳೆಯನ್ನು ಅಳೆಯಬೇಕಾದ ಹಣ ಫೆಬ್ರವರಿಯಲ್ಲಿ ಬಂದರೆ ಆಕಾಶದಲ್ಲಿ ಮೋಡವಿರುವುದಿಲ್ಲ. ಮಾರ್ಚ್ 31ರೊಳಗೆ ಲೆಕ್ಕ ಮುಗಿಸುವ ಅವಸರವಷ್ಟೇ ಇರುತ್ತದೆ. ಆಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬಣ್ಣದ ಪಟಗಳನ್ನು ಕೊಂಡು, ರಸೀದಿಯನ್ನು ಕಡತಕ್ಕೆ ಸೇರಿಸುವುದು ಎಲ್ಲಕ್ಕಿಂತ ಸುಲಭವಾದ ದಾರಿ. ಪಟ ಗೋಡೆಯನ್ನೇರುತ್ತದೆ, ಧೂಳು ಪಟವನ್ನೇರುತ್ತದೆ. ರಸೀದಿಯ ಭಯವೂ ಸಾಮಾನ್ಯವಾದುದಲ್ಲ. ಸಂತೆಯಲ್ಲಿ ಬೀಜ ಮಾರುವ ಅಜ್ಜಿಯಾಗಲಿ ಕುಂಬಾರನಾಗಲಿ ರಸೀದಿ ಕೊಡುವುದಿಲ್ಲ. ಆದರೆ ಮಗುವಿಗೆ ಬೇಕಾದ ಸಾಮಗ್ರಿ ಅನೇಕ ವೇಳೆ ಅವರಲ್ಲಿಯೇ ಇರುತ್ತದೆ. ಲೆಕ್ಕ ಬೇಡವೆಂದಲ್ಲ. ಸಾರ್ವಜನಿಕರ ಹಣದ ಪ್ರತಿಯೊಂದು ರೂಪಾಯಿಗೂ ಲೆಕ್ಕವಿರಲೇಬೇಕು. ಆದರೆ ಐನೂರು ರೂಪಾಯಿಯ ಲೆಕ್ಕಕ್ಕೆ ಮಕ್ಕಳ ದಾಖಲೆ ಪುಸ್ತಕಕ್ಕಿಂತ ಉತ್ತಮವಾದ ಸಾಕ್ಷ್ಯ ಯಾವುದು?

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಶಾಲೆಯ ಬಗೆಬಗೆಯ ಸಣ್ಣ ಅನುದಾನಗಳ ಸ್ಥಾನದಲ್ಲಿ ಸಂಯುಕ್ತ ಶಾಲಾನುದಾನವೆಂಬ ಒಂದೇ ಮೊತ್ತ ಬಂತು. ಆಗ ಗೊತ್ತುಪಡಿಸಿದಂತೆ ನೂರರವರೆಗೆ ಮಕ್ಕಳಿರುವ ಶಾಲೆಗೆ 25,000 ರೂಪಾಯಿ, ಇನ್ನೂರೈವತ್ತರವರೆಗೆ ಇದ್ದರೆ 50,000 ರೂಪಾಯಿ. ಮೊತ್ತ ದೊಡ್ಡದಾಯಿತು, ಕಡತ ಚಿಕ್ಕದಾಯಿತು, ಇದು ಒಳ್ಳೆಯದೇ. ಆದರೆ ವಿದ್ಯುತ್ತಿನ ಬಿಲ್ಲು, ಕುಡಿಯುವ ನೀರು, ಕೆಟ್ಟ ಉಪಕರಣದ ಬದಲಾವಣೆ, ಆಟದ ಸಾಮಾನು, ಕಲಿಕೆಯ ಸಾಮಗ್ರಿ ಎಲ್ಲವೂ ಆ ಒಂದೇ ಚೀಲಕ್ಕೆ ಕೈಚಾಚಬೇಕು. ಕತ್ತಲಾದ ಕೋಣೆಗೆ ದೀಪ ಬೇಕೆನ್ನುವವರ ಮುಂದೆ, ಬಾಟಲಿಗೆ ಅಂಟಿಸಲು ಪಟ್ಟಿ ಬೇಕೆನ್ನುವ ಶಿಕ್ಷಕಿ ಬಾಯಿ ತೆರೆಯಲು ಹಿಂಜರಿದರೆ ಆಶ್ಚರ್ಯವಿಲ್ಲ. ಕೇಳದೆಯೇ ತನ್ನದೆನ್ನಬಹುದಾಗಿದ್ದ ಪಾಲು ಈಗ ಕೇಳಿ ಪಡೆಯಬೇಕಾದ ಪಾಲಾಗಿದೆ. ಕೇಳಬೇಕಾದುದು ಮುಖ್ಯೋಪಾಧ್ಯಾಯರನ್ನು ಮತ್ತು 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ರಚನೆಯಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು. ಆ ಸಮಿತಿಯಲ್ಲಿರುವವರು ಮಕ್ಕಳ ತಂದೆತಾಯಿಗಳು. ಮಳೆಯ ಬೆಲೆಯನ್ನು ಬಲ್ಲವರು. ಇಪ್ಪತ್ತೈದು ಸಾವಿರದಲ್ಲಿ ಇಬ್ಬರು ಶಿಕ್ಷಕರಿಗೆ ತಲಾ ಐನೂರನ್ನು ಅವರ ಇಷ್ಟಕ್ಕೆ ಬಿಟ್ಟರೆ ನೂರಕ್ಕೆ ನಾಲ್ಕು ರೂಪಾಯಿ ಆಗುತ್ತದೆ. ಶಾಲೆಯ ಸ್ವಚ್ಛತೆಗಾಗಿ ಕನಿಷ್ಠ ನೂರಕ್ಕೆ ಹತ್ತನ್ನು ಬಳಸಬೇಕೆಂದು ಯೋಜನೆಯ ನಿಯಮವೇ ಹೇಳಿತು. ಈ ನಾಲ್ಕನ್ನು ಮಾತ್ರ ಶಾಲೆಯೇ ಜೂನ್ ತಿಂಗಳ ಮೊದಲ ಸಭೆಯಲ್ಲಿ ತೀರ್ಮಾನಿಸಿಕೊಳ್ಳಬೇಕು.