ಕೈಕಾಲಿಗೂ ಬಲಬದಿ ಗೊತ್ತಾಗಬೇಕು

ಊರಿಂದ ಬಂದು ಮನೆ, ಮಕ್ಕಳ ಸ್ಕೂಲು ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮವರಲ್ಲಿ ಅನೇಕರಿಗೆ ಬೈಕಿನ ನೆನಪು ಕಾಡತೊಡಗುತ್ತದೆ. ಹತ್ತು ವರ್ಷ ಬೆಂಗಳೂರಿನ ಸಿಲ್ಕ್‌ಬೋರ್ಡ್ ದಾಟಿ ಆಫೀಸಿಗೆ ಹೋದವರಿಗೆ ಕ್ಯಾಲಿಫೋರ್ನಿಯಾದ ಅಗಲ ರಸ್ತೆ ಯಾವ ಲೆಕ್ಕ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು.

ಬಲಗಡೆ ಓಡಿಸಬೇಕೆಂಬುದು ತಲೆಗೆ ಒಂದೇ ದಿನದಲ್ಲಿ ಹತ್ತುತ್ತದೆ. ಕೈಕಾಲಿಗೆ ತಿಂಗಳುಗಳು ಬೇಕು. ಗಾಡಿ ತುಂಬಿದ ರಸ್ತೆಯಲ್ಲಿ ಮುಂದಿನವರ ಹಿಂದೆ ಹೋದರೆ ಸಾಕು. ದಾರಿ ತಪ್ಪುವುದು ಖಾಲಿ ರಸ್ತೆಯಲ್ಲಿ. ಒಂದು ಭಾನುವಾರ ಬೆಳಗಿನ ಜಾವ ಫ್ರೀಮಾಂಟಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಹೊರಟವನು ಯೋಚನೆಯೇ ಇಲ್ಲದೆ ಎಡಬದಿ ಸೇರಿಕೊಂಡಿದ್ದೆ. ಎದುರಿಗೆ ಪಿಕಪ್ ಟ್ರಕ್ ಬಂದಾಗಲೇ ಎಚ್ಚರವಾದದ್ದು. ಆತ ನಿಧಾನಿಸಿದ, ನಾನು ಉಳಿದೆ. ಅಂದಿನಿಂದ ಪೆಟ್ರೋಲ್ ಬಂಕು, ಪಾರ್ಕಿಂಗ್ ಜಾಗ, ಮನೆಯಂಗಳ ಎಲ್ಲಿಂದ ಹೊರಟರೂ ಒಂದು ಕ್ಷಣ ನಿಂತು ‘ನನ್ನ ಬದಿ ಬಲ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ನೀವೂ ಹೇಳಿಕೊಳ್ಳಿ. ಅಡ್ಡರಸ್ತೆಯಿಂದ ಸೇರುವಾಗ ಊರಲ್ಲಿ ಕಣ್ಣು ಮೊದಲು ಬಲಕ್ಕೆ ಹೋಗುತ್ತಿತ್ತು. ಇಲ್ಲಿ ಹತ್ತಿರದ ಗಾಡಿ ಬರುವುದು ಎಡದಿಂದ.

ಇನ್ನೊಂದು ದೊಡ್ಡ ಅಪಾಯ, ಸಿಗ್ನಲ್‌ಗಳಲ್ಲಿ ಎದುರಿನಿಂದ ಬಂದು ನಿಮ್ಮ ಮುಂದೆಯೇ ಎಡಕ್ಕೆ ತಿರುಗುವ ಕಾರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಕೆದಕಿ ನೋಡಿದ್ದರು. ಬೇರೆ ವಾಹನದ ಜೊತೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದವರು ಬೈಕಿಗೆ ದಾರಿ ಬಿಡದೆ ಆದವು ಎಂದು 1981ರ ಅವರ ವರದಿ ಹೇಳುತ್ತದೆ. ಬೇಕೆಂದು ನುಗ್ಗುವವರು ಕಡಿಮೆ. ಅವರ ಕಣ್ಣಿಗೆ ಬೈಕು ಬೀಳುವುದೇ ಇಲ್ಲ. ಊರಲ್ಲಾದರೆ ಹಾರ್ನ್ ಒತ್ತಿ ನಾವಿರುವುದನ್ನು ತಿಳಿಸುತ್ತಿದ್ದೆವು, ಇಲ್ಲಿ ಆ ರೂಢಿಯಿಲ್ಲ. ವೇಗ ತಗ್ಗಿಸಿ, ಬ್ರೇಕಿನ ಮೇಲೆ ಬೆರಳಿಟ್ಟು, ಎದುರಿನ ಕಾರಿನ ಮುಂಚಕ್ರ ನೋಡುತ್ತಿರಿ. ಅದು ಹೊರಳಿದರೆ ಕಾರು ಹೊರಟಿತೆಂದೇ ಲೆಕ್ಕ.

ಕಾರುಗಳ ಸಾಲಿನ ನಡುವೆ ನುಸುಳುವುದಕ್ಕೆ ಈ ರಾಜ್ಯದ ಕಾನೂನು 2017ರಿಂದ ಸ್ಪಷ್ಟ ಒಪ್ಪಿಗೆ ಕೊಟ್ಟಿದೆ. ಇದನ್ನು ಕೇಳಿದೊಡನೆ ನಮ್ಮವರ ಮುಖ ಅರಳುತ್ತದೆ. ಮೊದಲ ವರ್ಷ ಆ ಒಪ್ಪಿಗೆಯನ್ನು ಮರೆತುಬಿಡಿ. ಬೆಂಗಳೂರಲ್ಲಿ ಬೈಕು ಯಾವ ಸಂದಿಯಿಂದಲೂ ಬಂದೀತೆಂದು ತಿಳಿದೇ ಎಲ್ಲರೂ ಓಡಿಸುತ್ತಾರೆ. ಇಲ್ಲಿ ಆ ನಿರೀಕ್ಷೆಯಿಲ್ಲದೆ ಪಕ್ಕದ ಲೇನಿಗೆ ಸರಿಯುವವರು ಬಹಳ. ನೆವಾಡಾ ಗಡಿ ದಾಟಿದರಂತೂ ಹಾಗೆ ನುಸುಳುವುದೇ ತಪ್ಪು.

ಕಾಗದಪತ್ರದ ಮಾತು ಚಿಕ್ಕದು. ಇಲ್ಲೇ ನೆಲೆಸಲು ಬಂದವರು 10 ದಿನದೊಳಗೆ ಇಲ್ಲಿನ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಕಾರಿನ ಲೈಸೆನ್ಸ್ ಬೈಕಿಗೆ ನಡೆಯದು, ಎಂ1 ಬೇರೆಯೇ ಬೇಕು. ಕಲಿಕೆಯ ಪರ್ಮಿಟ್ ಇರುವಾಗ ರಾತ್ರಿ ಓಡಿಸುವಂತಿಲ್ಲ, ಫ್ರೀವೇ ಹತ್ತುವಂತಿಲ್ಲ, ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಇಲ್ಲಿನ ಡಾಟ್ (DOT) ಗುರುತಿನ ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ. ಊರಿಂದ ತಂದ ಐಎಸ್‌ಐ ಹೆಲ್ಮೆಟ್ ಸಾಲದು. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಬೀದಿ ಸುತ್ತಿಸುವ ಅಕ್ಕರೆ ಇಲ್ಲಿ ಖಂಡಿತ ಬೇಡ.

ಪೊಲೀಸರು ಹಿಂದಿನಿಂದ ಕೆಂಪು-ನೀಲಿ ದೀಪ ಹಾಕಿದರೆ ಬಲಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈ ಕಾಣುವಂತೆ ಇಟ್ಟುಕೊಂಡು ಕಾಯಿರಿ. ನಮ್ಮ ಕಡೆಯಂತೆ ಇಳಿದು ಅವರ ಹತ್ತಿರ ನಡೆದು ಹೋಗಬೇಡಿ. ಅದನ್ನು ಅವರು ಬೇರೆಯಾಗಿ ತಿಳಿಯುತ್ತಾರೆ. ಜೇಬಿಗೆ ಕೈ ಹಾಕುವ ಮೊದಲು ಹೇಳಿ.

ಹೆದ್ದಾರಿ ಪೊಲೀಸ್ ಇಲಾಖೆಯ ಉಸ್ತುವಾರಿಯಲ್ಲಿ ಬೈಕ್ ಸುರಕ್ಷತಾ ತರಬೇತಿ ನಡೆಯುತ್ತದೆ. 21 ತುಂಬದವರಿಗೆ ಅದು ಕಡ್ಡಾಯ. ಮಿಕ್ಕವರಿಗೂ ಅದರ ಪ್ರಮಾಣಪತ್ರವಿದ್ದರೆ ಲೈಸೆನ್ಸ್ ಕೊಡುವ ಡಿಎಂವಿ ಇಲಾಖೆಯ ಸವಾರಿ ಪರೀಕ್ಷೆ ಬೇಡ, ಲಿಖಿತ ಪರೀಕ್ಷೆ ಮಾತ್ರ. ಇಪ್ಪತ್ತು ವರ್ಷ ಓಡಿಸಿದವರೂ ದಯವಿಟ್ಟು ಮೊದಲು ಅಲ್ಲಿ ಹೆಸರು ಬರೆಸಿ. ಅದು ಮುಗಿಯುವ ತನಕ ಗಾಡಿ ನೋಡಲು ಶೋರೂಮಿಗೂ ಹೋಗಬೇಡಿ.