ಗಣಕಜಾಲವೂ ಹೊರನಾಡಿನ ಗುತ್ತಿಗೆಯೂ

ಹೊರನಾಡಿನಲ್ಲಿ ಗಣಕಯಂತ್ರದ ಉದ್ಯೋಗ ಮಾಡಬೇಕೆಂಬ ಹಂಬಲ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಿದ್ಯಾರ್ಥಿ ಮಿತ್ರರಲ್ಲಿಯೂ ಉಂಟು. ಅವರಿಗಾಗಿ ನಾನರಿತ ಎರಡು ಸಂಗತಿಗಳನ್ನು ಇಲ್ಲಿ ಹೇಳಲೆತ್ನಿಸುತ್ತೇನೆ.

ಮೊದಲನೆಯದು ಜಾಲದ ತತ್ತ್ವ. ತುಂಗಭದ್ರೆಯ ಎಡದಂಡೆ ಕಾಲುವೆ ಉಪಕಾಲುವೆ, ಹೊಲಗಾಲುವೆಗಳಾಗಿ ಕವಲೊಡೆಯುವಂತೆ ಗಣಕಜಾಲವೂ ಕವಲೊಡೆದಿದೆ. ಆದರೆ ನೀರಿಗೆ ವಿಳಾಸವಿಲ್ಲ. ಸಂದೇಶಕ್ಕಾದರೋ ವಿಳಾಸವೇ ಜೀವ. ಮಸ್ಕಿಯಿಂದ ಹೊರಟ ಸಂದೇಶ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಒಂದೊಂದರ ಮೇಲೂ ಕಳಿಸುವ ಮತ್ತು ಪಡೆಯುವ ಯಂತ್ರಗಳ ಐಪಿ ವಿಳಾಸಗಳಿರುತ್ತವೆ. ಕವಲುಗಳಲ್ಲಿರುವ ರೂಟರ್ ಎಂಬ ಯಂತ್ರ ವಿಳಾಸವನ್ನೋದಿ ಮುಂದಿನ ದಾರಿಗೆ ಕಳಿಸುತ್ತದೆ. ಟಿಸಿಪಿ ಎಂಬ ನಿಯಮದಂತೆ, ದಾರಿಯಲ್ಲಿ ಕಳೆದುದನ್ನು ಕಳಿಸಿದ ಯಂತ್ರವೇ ಮತ್ತೆ ಕಳಿಸುತ್ತದೆ. ಪಡೆದ ಯಂತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಳ್ಳುತ್ತದೆ. ಅಮೆರಿಕದ ಅರ್ಪಾನೆಟ್ ಜಾಲ ಈ ಪದ್ಧತಿಯನ್ನು 1983ರ ಜನವರಿ 1ರಂದು ಕೈಕೊಂಡಿತು. ಭಾರತದ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು.

ಎರಡನೆಯದು ಗುತ್ತಿಗೆಯ ಮರ್ಮ. ಅಮೆರಿಕಕ್ಕೆ ಎಚ್-1ಬಿ ವೀಸಾದ ಮೇಲೆ ಹೋದವನು ಒಂದು ಕಂಪನಿಯಲ್ಲಿ ದುಡಿಯುತ್ತ, ಮತ್ತೊಂದರಿಂದ ಸಂಬಳ ಪಡೆಯುವುದುಂಟು. ಅವನ ವೀಸಾಕ್ಕೆ ಆಧಾರ ಸಂಬಳ ಕೊಡುವ ಸಂಸ್ಥೆ. ಆ ನೌಕರಿ ಹೋದರೆ ಬೇರೆ ಮಾಲಕರನ್ನು ಹುಡುಕಲು ಹೆಚ್ಚೆಂದರೆ 60 ದಿನಗಳ ಅವಕಾಶ. ಮಾಲಕನು ಕೆಲಸ ಒದಗಿಸದೆ ಸುಮ್ಮನೆ ಕೂರಿಸಿದ ದಿನಗಳಿಗೂ ಸಂಬಳ ಕೊಡತಕ್ಕದ್ದೆಂಬುದು ಅಲ್ಲಿಯ ಕಾನೂನು. ಇದನ್ನರಿಯದವನು ದೂರದ ನಾಡಿನಲ್ಲಿ ತನಗೆ ಸಲ್ಲತಕ್ಕುದನ್ನು ಕೇಳದೆಯೇ ಕಳೆದುಕೊಂಡಾನು.

ಆದುದರಿಂದ ಮಿತ್ರರೇ, ಜಾಲದ ಪಾಠದೊಡನೆ ಕರಾರುಪತ್ರವನ್ನೋದುವ ಪಾಠವನ್ನೂ ಕಲಿಯೋಣ. ನಿಜವಾದ ಮಾಲಕರಾರು, ಮಧ್ಯವರ್ತಿಗಳಾರು, ಸಂಬಳವೆಷ್ಟು ಎಂಬುದನ್ನು ತಿಳಿದ ಮೇಲೆಯೇ ಸಹಿ ಹಾಕೋಣ.